ಗೊತ್ತಿಲ್ಲ ಎಂದು ಬಾವಿ ನಿಲ್ಲಿಸಿದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಪೂರ್ತಿ ಬೆಳೆದದ್ದನ್ನು ನಾನು ಕಂಡೇ ಇಲ್ಲ. ಸಮುದ್ರದಲ್ಲಿ ನಮ್ಮ ಕಂಪನಿ ಎಣ್ಣೆಬಾವಿ ಕೊರೆಯುತ್ತಿದೆಯೆಂದರೆ, ಅದು ಮುಗಿಯುವ ತನಕ ಸಾರ್ ಆ ಉಗುರನ್ನು ಕಚ್ಚುತ್ತಲೇ ಇರುತ್ತಿದ್ದರು. ಅವರು ಮಡಕಶಿರ ಕಡೆಯವರು, ನನ್ನ ಮೇಲಧಿಕಾರಿ. ರಾಯದುರ್ಗದ ನನಗೆ ಕೆಲಸ ಕಲಿಸಿದವರು.

ಕೆಲಸವಾದರೂ ಎಂಥದು? ನೆಲದೊಳಕ್ಕೆ ಸದ್ದು ಕಳಿಸಿ, ಮರಳಿ ಬಂದ ಪ್ರತಿಧ್ವನಿ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿ, ಕೆಳಗೆ ಗಟ್ಟಿ ಕಲ್ಲಿದೆಯೋ, ಗ್ಯಾಸು ಕಟ್ಟಿಕೊಂಡ ಮೆತ್ತನೆಯ ಪದರವಿದೆಯೋ ಹೇಳಬೇಕು. ಸಾರ್ ಕಾಗದದ ಸುರುಳಿಗೆ ಬಣ್ಣದ ಪೆನ್ಸಿಲ್ ಹಚ್ಚುತ್ತಿದ್ದ ಕಾಲದವರು. "ಆಗ ಒಂದೇ ಉತ್ತರ ಬರೋದು, ಒಂದೇ ಭಯ. ಈಗ ಕಂಪ್ಯೂಟರು ಸಾವಿರ ಕೊಡ್ತದೆ. ಸಾವಿರ ಭಯ ಕಣಯ್ಯಾ" ಅನ್ನುತ್ತಿದ್ದರು.

ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳವು. ಆ ಸಲ ಸಮುದ್ರದ ನಡುವೆ ಬಾವಿ ಕೊರೆಯುವ ಅಟ್ಟವಾದ ರಿಗ್ಗಿನ ಮೇಲೆ ನನ್ನ ತಮ್ಮನೇ ಇದ್ದ. ಲೆಕ್ಕವೂ ಚೆಂದ ಕೂತಿತ್ತು: ತುಂಬಾ ಆಳದವರೆಗೂ ಗಟ್ಟಿ ಕಲ್ಲು. ಆದರೂ ಸಾರ್ ಲ್ಯಾಪ್‌ಟಾಪ್ ಸಮೇತ ನನ್ನನ್ನು ಮಡಕಶಿರಕ್ಕೆ ಕರೆಸಿಕೊಂಡರು. ಪಕ್ಕದ ಕೋಣೆಯಲ್ಲಿ ರೇಷ್ಮೆಹುಳ ಸೊಪ್ಪು ಮೇಯುವ ಸರಸರ ಸದ್ದು. "ಹುಳ ತಿಂದ್ರೂ ಇವ್ರಿಗೆ ಭಯ, ತಿನ್ನದಿದ್ರೂ ಭಯ. ನೀನೇ ಧೈರ್ಯ ಹೇಳಪ್ಪಾ" ಎಂದು ಅವರ ಹೆಂಡತಿ ಕಾಫಿ ಇಟ್ಟು ಹೋದರು.

"ಇನ್ನೊಂದು ಕಡೆಯಿಂದ ಬಾ" ಅಂದರು ಸಾರ್.

ಈ ಲೆಕ್ಕ ಶುರುವಾಗಲು ಮೊದಲು ನಾವೊಂದು ಊಹೆ ಕೊಡಬೇಕು. ಅವರು ಬೇಕಂತಲೇ ಬೇರೆ ಊಹೆ ಕೊಡಿಸುತ್ತಿದ್ದರು.

"ಯಾಕ್ರಿ ಸಾರ್, ಎಲ್ಲಾ ಸರಿ ಐತಲ್ರಿ?"

"ಎಲ್ಲಿಂದ ಹೊಂಟ್ರೂ ಅಲ್ಲಿಗೇ ಬಂದ್ರೆ ನೆಲ ಮಾತಾಡ್ತೈತೆ. ಇಲ್ಲಾಂದ್ರೆ ನಾವೇ ಕೂಗಿ ನಾವೇ ಕೇಳಿಸ್ಕೊಂತಿದ್ದೀವಿ."

ಬೇರೆ ಊಹೆ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಬೇರೆಯೇ ಉತ್ತರ ಬಂತು. ಸಂಜೆಯೊಳಗೆ ಕೊರೆಯುವ ಮೊನೆ ಮುಟ್ಟಲಿದ್ದ ಜಾಗದಲ್ಲೇ ಮೆತ್ತನೆಯ ಪದರ. ಒತ್ತಡದ ಗ್ಯಾಸಾದರೆ ಬಾವಿ ಬಾಯಿಬಿಟ್ಟು ಉರಿಯುತ್ತದೆ. ಎರಡು ಉತ್ತರಗಳೂ ಪ್ರತಿಧ್ವನಿಗೆ ಅಷ್ಟೇ ಚೆನ್ನಾಗಿ ಹೊಂದುತ್ತಿದ್ದವು. ತಕ್ಷಣ ತಮ್ಮನಿಗೆ ಫೋನು ಮಾಡಿದೆ. ಸಿಗಲಿಲ್ಲ.

ಸಾರ್ ಮೇಲಿನವರಿಗೆ ಫೋನು ಹಚ್ಚಿದರು.

"ಖಾತ್ರಿ ಇದೆಯೇನ್ರಿ? ರಿಟೈರಾಗೋ ಹೊತ್ತಲ್ಲಿ ಎಲ್ಲರಿಗೂ ಕೈಕಾಲು ನಡುಗುತ್ತೆ ಬಿಡಿ" ಎಂದು ಆ ಕಡೆಯವರು ನಕ್ಕರು.

"ಖಾತ್ರಿ ಇಲ್ಲ. ಗೊತ್ತಿಲ್ಲ ಅಂತ್ಲೇ ನಿಲ್ಸಿ ಅಂತಿರೋದು. ಒತ್ತಡ ತಡೆಯಂಗೆ ಕೊರೆಯೋವಾಗ ಬಾವಿಗೆ ತುಂಬೋ ಕೆಸರು ಭಾರ ಮಾಡ್ಕಂಡು ಆಮೇಲೆ ಕೊರೀರಿ. ನನ್ನ ಹೆಸರಲ್ಲೇ ಬರ್ಕಳಿ."

ಕೊರೆತ ನಿಂತಿತು. ರಾತ್ರಿಯೆಲ್ಲಾ ಕೆಸರು ಭಾರ ಮಾಡಿ, ಬೆಳಿಗ್ಗೆ ಮತ್ತೆ ಕೊರೆಯತೊಡಗಿದರು. ಮರುದಿನವೂ ಮನೆಗೆ ಹೋಗಲು ನನಗೆ ಕಾಲೇಳಲಿಲ್ಲ. ಸಾರ್ ಮನೆಯಲ್ಲೇ ಉಳಿದೆ. ಫೋನು ಗುಂಯ್‌ಗುಟ್ಟಿದರೆ ಇಬ್ಬರೂ ಒಟ್ಟಿಗೆ ಕೈ ಚಾಚುತ್ತಿದ್ದೆವು. ಸಂಜೆಗೆ ತಮ್ಮನೇ ಫೋನು ಮಾಡಿದ.

"ಏನೂ ಆಗ್ಲಿಲ್ಲಣ್ಣ. ಬರೇ ಕಲ್ಲು. ಯಾವನೋ ಮುದುಕ ಹೆದರಿಸಿದ್ನಂತ, ಎಲ್ಲಾರೂ ನಗಾಕತ್ತಾರ!"

ಸ್ಪೀಕರಿನಲ್ಲಿತ್ತು. ಸಾರ್‌ಗೆ ಕೇಳಿಸಿತು. ಗೋಡೆಗೊರಗಿ ಕೂತರು.

"ನಗ್ಲಿ ಬಿಡಯ್ಯಾ. ನಗಾಕೆ ಎಲ್ಲಾರೂ ಜೀವಂತ ಅವ್ರೆ, ಅಷ್ಟು ಸಾಕು."

ನಿವೃತ್ತರಾಗುವ ತನಕ ಕಂಪನಿ ಅವರಿಗೆ ಮತ್ತೊಂದು ಬಾವಿಯ ಲೆಕ್ಕ ಕೊಡಲಿಲ್ಲ. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ತಮ್ಮನನ್ನೂ ಕರೆದೊಯ್ದು, ಆ ಮುದುಕ ಇವರೇ ಎಂದೆ. ಅವನು ಚಪ್ಪಲಿ ಕಳಚಿ ನಿಂತ.

ಅವನು ಈಗಲೂ ರಿಗ್ಗಿಗೆ ಹೋಗುತ್ತಾನೆ. ಅವನ ಕಾಲ ಕೆಳಗೆ ಏನಿದೆಯೋ ಎಂದು ಹೆದರಲು ಮೊದಲು ಇಬ್ಬರಿದ್ದೆವು. ಈಗ ನಾನೊಬ್ಬನೇ.