ಮದುವೆ ಮನೆಗೆ ಜೊತೆ ಬರುತ್ತಿದ್ದ ಸರೋಜಕ್ಕ

ಕಳೆದ ಭಾನುವಾರ ಕೆ.ಆರ್. ಪೇಟೆಯಲ್ಲಿ ನೆಂಟರ ಮದುವೆ. ಊಟದ ಹಾಲ್‌ನಲ್ಲಿ ಒಂದು ಕುರ್ಚಿಯಲ್ಲಿ ನಾನು ಕೂತು, ಪಕ್ಕದ ಕುರ್ಚಿಯ ಮೇಲೆ ಹ್ಯಾಂಡ್‌ಬ್ಯಾಗ್ ಇಟ್ಟಿದ್ದೆ. (ಸೀಟು ಹಿಡಿಯುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ ಬಿಡಿ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಬೆಳೆದವರು ನಾವು.)

ಚಿಕ್ಕಮ್ಮ ಬಂದು, "ಯಾರ್ಗವ್ವ ಇಡ್ದಿರೋದು ಈ ಸೀಟು?" ಎಂದರು.

ಹೆಸರು ಹೇಳಲು ಬಾಯಿ ತೆರೆದೆ. ಯಾರಿಗೆಂದು ಹಿಡಿದಿದ್ದೆನೋ ಅವಳು ಕಾರ್ತಿಕದಲ್ಲೇ ತೀರಿಕೊಂಡಿದ್ದಳು. ನನಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

"ಯಾರಿಗೂ ಇಲ್ಲ, ಕೂತ್ಕೊಳ್ಳಿ" ಎಂದು ಬ್ಯಾಗ್ ತೆಗೆದುಕೊಂಡೆ.

ಸರೋಜಕ್ಕನ ಕೆಲಸವನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ, ಹೆಸರು ಕೇಳಿರಲಿಕ್ಕಿಲ್ಲ. ನಾಗಮಂಗಲದ ಬಡಗಿ ಆಚಾರ್ರ ಮಗಳು. ಅಪ್ಪ ಮಾಡಿದ ಹಸೆಮಣೆಗೆ ಬಣ್ಣ ಬರೆದು ಬರೆದೇ ಕೈ ಪಳಗಿದ್ದು. ಮದುವೆಯಾಗಿ ಪಾಂಡವಪುರಕ್ಕೆ ಬಂದ ಮೇಲೂ ಅದೇ ಕೆಲಸ. ಗಂಡು ಹೆಣ್ಣು ಕೂರುವ ಮಣೆಯ ಮೇಲೆ ಬಳ್ಳಿ, ಹೂವು, ಎದುರುಬದುರು ಎರಡು ಗಿಳಿ. ಅವಳ ಗಿಳಿಗಳು ಒಂದನ್ನೊಂದು ಗದರಿಕೊಳ್ಳುತ್ತಿರುವಂತೆ ಕಾಣುತ್ತಿದ್ದವು. ಕೇಳಿದರೆ, "ಸಂಸಾರ ಅಂದ್ಮೇಲೆ ಇನ್ನೇನ್ ಮತ್ತೆ?" ಅನ್ನುವಳು. ಮದುವೆ ಸೀಸನ್ ಇಲ್ಲದಾಗ ಶಾಲೆ, ಅಂಗನವಾಡಿಗಳ ಗೋಡೆಗೆ ಚಿತ್ರ.

ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆಯೆದುರು ಒಂದು ಅಂಗನವಾಡಿ ಇದೆ. ಕೆಲವು ವರ್ಷಗಳ ಹಿಂದೆ ಅದರ ಗೋಡೆಗೆ ಆನೆ ಬರೆಯುತ್ತಿದ್ದವಳಿಗೆ ಕಾಫಿ ಕೊಡಲು ಹೋದೆ. ಅಷ್ಟರಲ್ಲಿ ಅಮ್ಮನ ಫೋನು. ಪಾಂಡವಪುರದಲ್ಲಿ ಚಿಕ್ಕಮ್ಮನ ಮಗಳ ಮದುವೆ, ಬರಲೇಬೇಕು ಅಂತ. ಬರಲ್ಲ ಅಂದೆ. ಅಮ್ಮನ ದನಿಗೆ ಸ್ಪೀಕರ್ ಬೇಕಿಲ್ಲ. "ಯಾವ ಮದ್ವೆಗೂ ಬರಲ್ಲ ಅಂತೀಯಲ್ಲ, ಜನ ಏನಂದ್ಕತಾರೆ? ನಾಕಕ್ಷರ ಕಲ್ತೆ ಅಂತ ಕೊಬ್ಬಾ?" ಫೋನ್ ಇಟ್ಟೆ.

ಎಲ್ಲರೂ ನನ್ನನ್ನು ಕೇಳುತ್ತಿದ್ದದ್ದು ಒಂದೇ: ಯಾಕೆ ಹೋಗಲ್ಲ? ಸರೋಜಕ್ಕ ಆನೆಯ ಸೊಂಡಿಲಿನಿಂದ ಕಣ್ಣು ತೆಗೆಯದೆ ಬೇರೆಯೇ ಕೇಳಿದಳು.

"ಯಾರವ್ನೆ ಅಲ್ಲಿ?"

ನಲವತ್ತು ದಾಟಿದ ಹೆಂಗಸು ನಾನು. ವಾರವಾರ ಪೇಪರಿನಲ್ಲಿ ಊರಿಗೆಲ್ಲ ಬುದ್ಧಿ ಹೇಳುವವಳು. ಆದರೂ ಆ ಉತ್ತರವನ್ನು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು. "ಒಬ್ಬ ಮಾವ." ಅಮ್ಮನ ದೊಡ್ಡಮ್ಮನ ಮಗ. ಬೇಸಿಗೆ ರಜೆಗೆ ಅವನ ಮನೆಗೆ ಕಳಿಸುತ್ತಿದ್ದರು. ನನಗಾಗ ಒಂಬತ್ತು. ಇಷ್ಟು ಸಾಕು, ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ.

ಅವಳು ಬ್ರಶ್ಶು ತೊಳೆದಿಟ್ಟಳು. "ನಂಗೆ ಎಂಟು. ನಮ್ಮಪ್ಪನ ಸ್ನೇಯ್ತ. ಅವ್ವಂಗೆ ಯೇಳ್ದೆ. ಕೆನ್ನೆಗ್ ಬಾರ್ಸುದ್ಲು. ಆಚೆ ಬಾಯ್ಬುಟ್ರೆ ಸಾಯ್ಸ್‌ಬುಡ್ತೀನಿ ಅಂದ್ಲು." ಇವತ್ತು ರೇಷನ್ ಅಂಗಡಿ ಬಾಗಿಲು ಹಾಕಿದೆ ಅನ್ನುವಷ್ಟು ಸಾದಾ ದನಿ. ಆಮೇಲೆ, "ಮದ್ವೆಗ್ ಓಗಕ್ಕೆ ಆಸೆ ಐತಾ?"

ಇತ್ತು. ಆ ಮದುಮಗಳನ್ನು ಎತ್ತಿ ಆಡಿಸಿದವಳು ನಾನು.

"ಅಂಗಾರೆ ನಡಿ, ನಾನೂ ಬತ್ತೀನಿ. ಬ್ಯಾಡ ಅನ್ಸುದ್ರೆ ಮನೇಲಿರು. ಎಲ್ಡೂ ಸರಿಯೇ."

ಬಂದಳು. ರೇಷ್ಮೆ ಸೀರೆ, ಮೈಯೆಲ್ಲ ಟರ್ಪೆಂಟೈನ್ ವಾಸನೆ. ಊಟಕ್ಕೆ ನನ್ನ ಪಕ್ಕವೇ ಕೂತಳು. ಅವನು ಬಿಳಿ ಪಂಚೆಯಲ್ಲಿ ಪಂಕ್ತಿ ವಿಚಾರಿಸುತ್ತ ಬಂದ. "ಏನವ್ವಾ, ಪೇಪರ್ನಾಗ್ ಬರೀತೀಯಂತೆ! ದೊಡ್ಡೋಳಾಗ್ಬುಟ್ಟು ಮಾವನ್ನ ಮರ್ತೇಬುಟ್ಟಾ?" ಎನ್ನುತ್ತ ನನ್ನ ತಲೆಯತ್ತ ಕೈ ಚಾಚಿದ. ನನ್ನ ಬೆರಳುಗಳು ಅನ್ನದಲ್ಲೇ ನಿಂತವು.

ಸರೋಜಕ್ಕ ಹಪ್ಪಳ ಕೆಳಗಿಟ್ಟು ಅವನ ಮುಖ ನೋಡಿದಳು. "ಅವ್ಳು ಏನೂ ಮರ್ತಿಲ್ಲ ಕಣಣ್ಣ."

ಕೂಗಲಿಲ್ಲ. ಅಣ್ಣ ಅಂತಲೇ ಕರೆದಳು. ಚಾಚಿದ್ದ ಕೈ ಹಾಗೇ ನಿಂತಿತು. ಆಮೇಲೆ ಅವನು ಬಡಿಸುವವರನ್ನು ಕರೆಯುವ ನೆಪ ಮಾಡಿಕೊಂಡು ಮುಂದೆ ಹೋದ.

"ಒಬ್ಬಟ್ಟು ತಣ್ಗಾಯ್ತದೆ, ತಿನ್ನು" ಎಂದಳು. ತಿಂದೆ. ನೆಂಟರ ಮದುವೆಯಲ್ಲಿ ಒಬ್ಬಟ್ಟು ತಿಂದು ಎಷ್ಟು ಕಾಲವಾಗಿತ್ತೋ!

ಎದುರು ಸಾಲಿನಲ್ಲಿ ಅಮ್ಮ ಇದ್ದಳು. ಅವಳ ಕೈಯೂ ಎಲೆಯ ಮೇಲೆ ನಿಂತಿತ್ತು. ಅವತ್ತು ಏನೂ ಕೇಳಲಿಲ್ಲ. ಮುಂದಿನ ಚಳಿಗಾಲ, ಇಬ್ಬರೂ ಅವರೆಕಾಳು ಹಿಸುಕುತ್ತ ಕೂತಿದ್ದಾಗ ತಲೆ ಎತ್ತದೆ, "ಅವನಾ?" ಎಂದಳು. "ಹೂಂ" ಎಂದೆ. ಅಷ್ಟೇ. ಕಾಳು ಮುಗಿಯುವವರೆಗೂ ಹಿಸುಕಿದೆವು. ಮತ್ತೆ ಆ ಮಾತು ಬರಲಿಲ್ಲ.

ಸರೋಜಕ್ಕ ಹೀಗೆ ಹೋಗುತ್ತಿದ್ದದ್ದು ನನ್ನೊಬ್ಬಳ ಜೊತೆಗಲ್ಲ. ಮದುವೆ, ನಾಮಕರಣ, ತಿಥಿ, ಯಾರು ಕರೆದರೂ ಹೊರಡುವಳು. ಮಣೆ ಬರೆಯುವವಳು ಮದುವೆ ಮನೆಯಲ್ಲಿದ್ದರೆ ಯಾರು ಯಾಕೆ ಅಂತ ಕೇಳುತ್ತಾರೆ? ಆಗಾಗ ಅವಳ ಜೊತೆ ಪಡೆದ ನಾವೆಲ್ಲ ಕರಿಘಟ್ಟ ಬೆಟ್ಟದ ಮೆಟ್ಟಿಲ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂರುತ್ತಿದ್ದೆವು. ಕೌನ್ಸೆಲಿಂಗ್, ಗಿಸೆಲಿಂಗ್ ಅನ್ನುವ ದೊಡ್ಡ ಮಾತಿಲ್ಲ. (ಬೇಕಾದವರನ್ನು ಮೈಸೂರಿನ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋಗುತ್ತಿದ್ದಳು. ಅದು ಬೇರೆ.) ಮಕ್ಕಳ ಸ್ಕೂಲು, ಸೊಸೆಯ ಸಿಟ್ಟು, ಟೊಮೆಟೊ ರೇಟು ಮಾತಾಡುವೆವು. ಯಾರಿಗಾದರೂ ಬೇರೆ ಮಾತು ಬಂದರೆ ಉಳಿದವರು ಸುಮ್ಮನಾಗುವೆವು.

ಮಾಕವಳ್ಳಿಯಿಂದ ಒಬ್ಬ ಬರುತ್ತಿದ್ದ. ಕಬ್ಬಿನ ಲಾರಿ ಓಡಿಸುವವನು, ಗಿರಿಜಾ ಮೀಸೆ. ಬಂದು, ಅವಳ ಮಣೆಗಳಿಗೆ ಉಪ್ಪುಕಾಗದ ಉಜ್ಜಿಕೊಟ್ಟು, ಮಾತಿಲ್ಲದೆ ಹೋಗುವನು. ಒಂದು ದಿನ ಮೆಟ್ಟಿಲ ಮೇಲೆ ಇದ್ದಕ್ಕಿದ್ದಂತೆ, "ಗಂಡ್ಸು ನಾನು. ನಂಗಿಂಗಾಗಿತ್ತು ಅಂತ ಯಾರ್ತಾವ ಯೇಳ್ಲಕ್ಕ? ನಗ್ತಾರೆ" ಎಂದ.

"ನಾನ್ ನಗ್ತಿದೀನಾ, ನೋಡ್ಲಾ."

ಅವನು ನೋಡಿದ. ಆ ಮೀಸೆಯ ಮೇಲೆ ನೀರಿಳಿಯಿತು. ಅಳಬೇಡ ಅಂತ ಅವಳು ಹೇಳಲಿಲ್ಲ. ಅತ್ತು ಮುಗಿಯುವವರೆಗೂ ಕೂತಿದ್ದು, ನೀರಿನ ಬಾಟಲಿ ಕೊಟ್ಟಳು.

ಒಮ್ಮೆ ಕೇಳಿದೆ: "ನಿನ್ನ ಜೊತೆ ಯಾರಕ್ಕ ಬರ್ತಿದ್ದಿದ್ದು?"

ನಕ್ಕಳು. "ಯಾರವ್ವ ಬತ್ತಾರೆ?" ಹಾಸಿಗೆ ಹಿಡಿದ ತಾಯಿಯನ್ನು ನಾಗಮಂಗಲದಿಂದ ಕರೆತಂದು ಕೊನೆಯವರೆಗೂ ನೋಡಿಕೊಂಡವಳು ಅವಳೇ. "ಒಂದ್ ಮಾತ್ಗೆ ಕಾಯ್ತಿದ್ದೆ ಕಣಮ್ಮಿ. ಅವತ್ತು ನಿನ್ ಮಾತ್ ಕೇಳ್ಬೇಕಾಗಿತ್ತು ಅಂತ ಒಂದ್ ಸಲ ಅಂದ್ಬುಡ್ಲಿ ಅಂತ. ಕಡೇ ದಿನ ತುಟಿ ಅಲುಗ್ಸುದ್ಲು. ಬಗ್ಗಿ ಕಿವಿ ಕೊಟ್ಟೆ. ಕಾಪಿಗೆ ಸಕ್ರೆ ಸಾಲ್ದು ಅಂದ್ಲು."

ಹೇಳಿ ಜೋರಾಗಿ ನಕ್ಕಳು. ನಾನೂ ನಕ್ಕೆ. ಮನೆಗೆ ಬರುವಾಗ ಬಸ್ಸಿನಲ್ಲಿ ಮಾತ್ರ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದೆ.

ಕಾಯಿಲೆ ಗೊತ್ತಾದಾಗ ತಡವಾಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಸರದಿಯ ಮೇಲೆ ಅವಳ ಪಕ್ಕ ಕೂತೆವು. ಮಾಕವಳ್ಳಿಯವನು ಲಾರಿ ನಿಲ್ಲಿಸಿ ಬರುತ್ತಿದ್ದ. ಹೋದಳು.

ಈಗ ಕಳೆದ ಭಾನುವಾರಕ್ಕೆ ಬರುತ್ತೇನೆ. ಊಟವಾದ ಮೇಲೆ ಸ್ಟೇಜಿನಲ್ಲಿ ಫ್ಯಾಮಿಲಿ ಫೋಟೋ. ನಡುವಿನ ಕುರ್ಚಿಯಲ್ಲಿ ಅವನು, ಆ ಮಾವ. ಕೈಯಲ್ಲಿ ಊರುಗೋಲು, ಹೆಗಲಿಗೆ ಶಾಲು. ಮದುಮಗನ ಅಣ್ಣ ನನ್ನನ್ನು ಕೂಗಿದ: "ಬಾಕ್ಕ, ಮಾವ ಇನ್ನೆಷ್ಟ್ ದಿನ ಇದ್ದಾರು? ಎಲ್ಲಾ ಒಟ್ಗೆ ಒಂದ್ ತಗ್ಸ್ಕೊಳಣ." ನಾನು ನಿಂತಲ್ಲೇ ನಿಂತೆ.

ಆಗ ಅಮ್ಮ, ಮಂಡಿ ನೋವಿನ ನನ್ನ ಅಮ್ಮ, ಇಬ್ಬರು ಹುಡುಗಿಯರ ಕೈ ಹಿಡಿದು ಸ್ಟೇಜಿನ ಮೆಟ್ಟಿಲು ಹತ್ತುತ್ತಿದ್ದವಳು ನಿಂತಳು. ತಿರುಗಿದಳು.

"ಅವ್ಳು ಬರಲ್ಲ ಕಣಪ್ಪ."

"ಓಗ್ಲಿ, ನೀವ್ ಬನ್ನಿ ದೊಡ್ಡವ್ವ."

"ನಾನೂ ಬರಲ್ಲ. ಅವನು ಕೂತಿರೋ ಪೋಟದಲ್ಲಿ ನಾವಿಬ್ರೂ ಇರಲ್ಲ."

ಓಲಗ ನಡೆದೇ ಇತ್ತು. ಹತ್ತಿರವಿದ್ದವರಿಗೆಲ್ಲ ಕೇಳಿಸಿತು. ಅವನು ಊರುಗೋಲಿನ ತುದಿ ನೋಡುತ್ತ ಕೂತ. ಚಿಕ್ಕಮ್ಮ ಓಡಿ ಬಂದು, "ಏನಾಯ್ತಕ್ಕ?" ಎಂದರು.

"ಚಿಕ್ ಮಗಾಗಿದ್ದಾಗ ಅವರ್ ಮನೆಗ್ ಓಗಲ್ಲ ಅಂತ ಅಳ್ತಿದ್ಲು ಇವ್ಳು" ಎಂದಳು ಅಮ್ಮ. "ಯಾಕವ್ವ ಅಂತ ನಾನ್ ಕೇಳ್ನಿಲ್ಲ. ಬಸ್ ಅತ್ತಿಸ್ಬುಟ್ಟು ಬತ್ತಿದ್ದೆ."

ಫೋಟೋ ನಾವಿಲ್ಲದೆ ಆಯಿತು. ಅಮ್ಮನ ಕೈ ನನ್ನ ರಟ್ಟೆ ಹಿಡಿದಿತ್ತು, ಬಸ್‌ಸ್ಟ್ಯಾಂಡಿನವರೆಗೂ ಬಿಡಲಿಲ್ಲ.

ಬಸ್ಸು ಪಾಂಡವಪುರ ದಾಟುವಾಗ ಅಮ್ಮ ಮೆಲ್ಲಗೆ, "ಸರೋಜನ್ನ ಒಂದಿನ ಮನೇಗ್ ಊಟಕ್ ಕರೀನೇ ಇಲ್ವಲ್ಲ ನಾವು" ಎಂದಳು.

ನನಗೆ ಆ ಕ್ಷಣ ಸರೋಜಕ್ಕ ಬೇಕಾಗಿತ್ತು. ಇಳಿದು, ಅವಳ ಮನೆಗೆ ನಡೆದು, ಬಣ್ಣದ ಡಬ್ಬಗಳ ನಡುವೆ ಜಾಗ ಮಾಡಿಕೊಂಡು ಕೂತು ಎಲ್ಲ ಹೇಳಬೇಕಾಗಿತ್ತು. ಮೊದಲು ಹಸೆಮಣೆ ಹೆಂಗಿತ್ತು ಅಂತ ಕೇಳುತ್ತಿದ್ದಳು. (ಕೆಟ್ಟದಾಗಿತ್ತಕ್ಕ. ಪ್ರಿಂಟ್ ಹಾಕಿದ ಸ್ಟಿಕ್ಕರ್ ಅಂಟಿಸಿದ್ದರು.) ಆಮೇಲೆ ಅಮ್ಮನ ಮಾತು ಹೇಳುತ್ತಿದ್ದೆ. ಅವಳು ಕಾದು ಕಾದರೂ ಸಿಗದೇ ಹೋದ ಮಾತು ನನಗೆ ಸಿಕ್ಕಿತ್ತು. ಕೇಳಿ ಅವಳಿಗೆ ಹೊಟ್ಟೆ ತುಂಬುತ್ತಿತ್ತೋ, ಉರಿಯುತ್ತಿತ್ತೋ? ಎರಡೂ ಆಗುತ್ತಿತ್ತೇನೋ. ಆ ಮುಖವನ್ನೊಮ್ಮೆ ನೋಡಬೇಕಿತ್ತು. ಬಸ್ಸು ನಿಲ್ಲಲಿಲ್ಲ, ನಿಂತಿದ್ದರೂ ಏನು?

ಇದನ್ನು ಬರೆಯಲಾ ಎಂದು ಅಮ್ಮನನ್ನು ಕೇಳಿದೆ. "ಬರಿ. ಅವನೆಸ್ರು ಬ್ಯಾಡ. ಅವಳ್ದು ಆಕು" ಎಂದಳು.

ಹಾಕಿದ್ದೇನೆ. ಸರೋಜ.

ಎಲ್ಲರ ಬಳಗದಲ್ಲೂ ಮದುವೆ ಮುಂಜಿಗೆ ಬಾರದವರು ಒಬ್ಬರಾದರೂ ಇರುತ್ತಾರೆ. ಜಂಬ ಅನ್ನುತ್ತೇವೆ, ಒರಟು ಅನ್ನುತ್ತೇವೆ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಮರೆಯುತ್ತೇವೆ.

ನಿಮ್ಮ ಮನೆಯ ಮದುವೆ ಆಲ್ಬಮ್ಮಿನಲ್ಲಿ ಯಾರಿಲ್ಲ?