ಮುನಿಯಮ್ಮನ ಹೇಂಟೆಯೂ ನನ್ನ ಕೈಗಳೂ

ನನ್ನ ಕೈಗೆ ಬಂದದ್ದು ಬದುಕುವುದಿಲ್ಲ ಎಂಬ ಭಯ ನನ್ನೊಳಗೆ ಹೊಕ್ಕದ್ದು ಐವತ್ತರ ದಶಕದ ಕೊನೆಯಲ್ಲಿ, ನಾವು ಯಲಹಂಕದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ. ಸಿಟಿಯ ಆಸ್ಪತ್ರೆಯಲ್ಲಿ ಹುಟ್ಟಿದ ನನ್ನ ಮಗು ಎರಡೇ ದಿನ ತೋಳಲ್ಲಿದ್ದು ಹೋಗಿಬಿಟ್ಟಿತು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ಮಡಿಲಲ್ಲಿದ್ದ ಉಣ್ಣೆ ಶಾಲಿನ ಖಾಲಿ ಸುರುಳಿ ನೋಡಿ, "ಮಗು ಮಲಗಿದ್ಯಾ?" ಎಂದಳು. "ಹೂಂ" ಅಂದೆ. ಹೆಬ್ಬಾಳ ದಾಟುವವರೆಗೂ ಆಕೆ, ಪಾಪ, ಪಿಸುಮಾತಿನಲ್ಲೇ ಮಾತಾಡಿದಳು.

ಆಮೇಲೆ ನಾನು ಹೊಸಿಲು ದಾಟಲಿಲ್ಲ. ಸಂಜೆ ಜಪಸರ ಹಿಡಿದರೆ ಕೇಳುತ್ತಿದ್ದುದು ಒಂದೇ: "ದೇವಮಾತೆ, ನನ್ನ ಕೈಯಲ್ಲಿಟ್ಟದ್ದು ಒಂದಾದರೂ ಬದುಕಲಿ."

ಬೇಲಿಯಾಚೆಯ ಮುನಿಯಮ್ಮನ ಕೋಳಿಗಳೆಲ್ಲ ಆ ವರ್ಷ ಕೊಕ್ಕರೆ ರೋಗಕ್ಕೆ ಸತ್ತಿದ್ದವು. ಉಳಿದದ್ದು ಒಂದು ಕೆಂಚು ಹೇಂಟೆ, ಅದರಡಿ ಹನ್ನೊಂದು ಮೊಟ್ಟೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಬೆಳಿಗ್ಗೆ ಆಕೆ ಬುಟ್ಟಿ ಸಮೇತ ತಂದು ನಮ್ಮ ಹಿಂದಿನ ವರಾಂಡದಲ್ಲಿಟ್ಟಳು.

"ಸೋಲದೇವನಳ್ಳಿಗೆ ಓಗ್ಬೇಕು ಅಮ್ಮಣ್ಣಿ, ಮಗಳ ಎರಿಗೆ. ಇದು ಕಾವಿಗೆ ಕೂತು ವಾರ ಆಯ್ತು, ನೀನೇ ನೋಡ್ಕೊ."

"ಬೇಡ ಮುನಿಯಮ್ಮ. ನನ್ನ ಕೈ ಸರಿಯಿಲ್ಲ."

"ಕಾವು ಕೊಡೋದು ಅವ್ಳು. ನೀನೇನ್ ಮೊಟ್ಟೆ ಮೇಲೆ ಕೂತ್ಕೋಬೇಕಾ?" ನಗುತ್ತ ಹೊರಟೇಹೋದಳು.

ನಾನು ಕಾನ್ವೆಂಟಿನಲ್ಲಿ ಬೆಳೆದವಳು. ವರ್ಷಕ್ಕೊಮ್ಮೆ ನಮಗೆ ರಿಟ್ರೀಟ್. ಬಾಗಿಲು ಮುಚ್ಚಿ, ಕದಲದೆ, ಮೌನವಾಗಿ ಕೂರುವುದೇ ಪರ್ಫೆಕ್ಟ್ ಪ್ರೇಯರ್ ಎಂದು ಸಿಸ್ಟರ್ ಕಲಿಸಿದ್ದರು. ಕೋಳಿಗೂ ಅದನ್ನೇ ಮಾಡಿದೆ. ಮೇಲೆ ಮಂಕರಿ ಬೋರಲು ಹಾಕಿ ಇಟ್ಟಿಗೆ ಹೇರಿದೆ. ದಿನಕ್ಕೊಮ್ಮೆ ಅಡುಗೆಮನೆಯ ಒಣ ನೆಲದ ಮೇಲೆ ರಾಗಿ, ನೀರು ಕೊಟ್ಟು, ಹಿತ್ತಲ ಬಾಗಿಲಿಗೆ ಓಡಿದರೆ ಹಿಡಿದು ತಂದು ಮತ್ತೆ ಮುಚ್ಚುತ್ತಿದ್ದೆ. ನನ್ನನ್ನು ಕುಕ್ಕಿ ರಾದ್ಧಾಂತ ಮಾಡಿದವಳು ಬುಟ್ಟಿಗಿಳಿದೊಡನೆ ಬೇರೆಯೇ ಆಗುತ್ತಿದ್ದಳು. ಒಂದೊಂದೇ ಮೊಟ್ಟೆಯನ್ನು ಕೊಕ್ಕಿನಿಂದ ಎದೆಯಡಿಗೆ ಎಳೆದುಕೊಂಡು, ತಿರುವಿ, ರೆಕ್ಕೆ ಅಗಲಿಸಿ ಕೂರುವಳು. ಅಂಥ ಪೇಷೆನ್ಸ್ ಯಾವ ಮದರ್ ಸುಪೀರಿಯರಲ್ಲೂ ನಾನು ಕಾಣಲಿಲ್ಲ.

ಇಪ್ಪತ್ತೊಂದನೆಯ ದಿನ ಒಂಬತ್ತು ಮೊಟ್ಟೆಗಳಲ್ಲಿ ಸಣ್ಣ ತೂತು ಬಿತ್ತು. ಒಳಗಿಂದ ಚಿಂವ್ ಚಿಂವ್. ಆದರೆ ಮಧ್ಯಾಹ್ನವಾದರೂ ತೂತು ಅಷ್ಟೇ. ಒಳಪೊರೆ ಕಾಗದದಂತೆ ಒಣಗಿ ಮರಿಗಳ ಮೈಗೆ ಅಂಟಿತ್ತು. ದನಿ ಕುಗ್ಗುತ್ತ ಬಂತು. ತಾಳಲಾರದೆ ಹೇರ್‌ಪಿನ್ನಿನಿಂದ ಒಂದರ ಸಿಪ್ಪೆ ಬಿಡಿಸಿದೆ. ರಕ್ತ ಜಿನುಗಿತು. ಮರಿ ನನ್ನ ಅಂಗೈಯಲ್ಲೇ ತಣ್ಣಗಾಯಿತು.

ಮಂಕರಿ ಮುಚ್ಚುವುದನ್ನೂ ಮರೆತು ನೆಲಕ್ಕೆ ಕುಸಿದೆ. "ಅಮ್ಮಾ, ಇದನ್ನೂ ತಗೊಂಡ್ಯಾ?" ಪ್ರಾರ್ಥನೆಯೋ ಜಗಳವೋ ನನಗೇ ತಿಳಿಯಲಿಲ್ಲ. ಆಗ ಕೋಳಿ ಎದ್ದು ಮೊಟ್ಟೆ ಬಿಟ್ಟು ಹಿತ್ತಲಿಗೆ ನಡೆಯಿತು. ತಾಯಿಯೂ ಕೈಬಿಟ್ಟಳಲ್ಲ ಎಂದು ಹಿಡಿಯಲು ಓಡಿದರೆ, ಗೇಟಿನಲ್ಲಿ ಗಂಟು ಹೊತ್ತ ಮುನಿಯಮ್ಮ! ಭಾನುವಾರ ಬರುತ್ತೇನೆಂದವಳು ಶುಕ್ರವಾರವೇ ಬಂದಿದ್ದಳು.

"ಮುಟ್ಬೇಡ, ಬಿಡು! ಎಲ್ಲಿಗೋಯ್ತಾಳೆ ನೋಡು."

ಕೋಳಿ ನೇರವಾಗಿ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ನಿಂತ ನೀರಿಗಿಳಿದು, ಎದೆ ತೋಯುವಂತೆ ಕೂತು, ಎದ್ದು, ಹನಿ ತೊಟ್ಟಿಕ್ಕಿಸುತ್ತ ಓಡಿಬಂದು ಮೊಟ್ಟೆಗಳ ಮೇಲೆ ಕೂತಿತು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ.

"ದಿನಾ ಇಬ್ಬನಿ ಉಲ್ಲಲ್ಲಿ ಓಡಾಡಿ ಎದೆ ಒದ್ದೆ ಮಾಡ್ಕೊಂಬತ್ತಾಳೆ. ಮೊಟ್ಟೆಗೆ ಅದೇ ತಂಪು. ಇವ್ಳನ್ನ ಕೂಡಾಕಿದ್ದಾ ನೀನು?"

"ತಪ್ಪಾಯ್ತು. ಒಂದು ಮರೀನ ಕೊಂದುಬಿಟ್ಟೆ, ಮುನಿಯಮ್ಮ."

ಉಳಿದಿದ್ದ ಒಂದೇ ಕೋಳಿಯ ಮರಿ ಅದು. ಆಕೆ ಬೈಯಲಿಲ್ಲ. "ನೀರು ಉಗುರುಬೆಚ್ಚಗೆ ಮಾಡು" ಅಂದಳು, ಅಷ್ಟೇ. ಬಟ್ಟೆ ಅದ್ದಿ ತೂತಿನ ಅಂಚಿಗೆ ಮೆಲ್ಲನೆ ಒತ್ತಿ, ಮತ್ತೆ ಕೋಳಿಯಡಿಗೆ ಸೇರಿಸುವಳು. ಒಂದು ಚೂರು ಸಿಪ್ಪೆಯನ್ನೂ ಕೀಳಲಿಲ್ಲ. ಬಹಳ ಹೊತ್ತಿನ ಮೇಲೆ ಮೊದಲ ಮರಿ ಚಿಪ್ಪಿನ ಟೋಪಿ ತಳ್ಳಿ ಹೊರಬಿತ್ತು. ದೀಪ ಹಚ್ಚುವ ಹೊತ್ತಿಗೆ ಏಳಾದವು. ಒಂದು ಮಾತ್ರ ಅರ್ಧ ಒಡೆದು ಸುಮ್ಮನಾಗಿತ್ತು. ಅದನ್ನು ನನ್ನತ್ತ ಚಾಚಿದಳು.

"ಬೇಡ, ನನ್ನ ಕೈ..."

"ನಿನ್ ಕೈಗೇನ್ ಬಂದೈತೆ? ಬೆಚ್ಚಗೈತಲ್ಲ, ಸಾಕು. ಇಡ್ಕೊ. ಕೀಳ್ಬೇಡ, ಕಾಯಿ."

ಎರಡು ಅಂಗೈಗಳ ನಡುವೆ ಹಿಡಿದು ಕಾದೆ. ನಮೋ ಮರಿಯಾ ಎಷ್ಟು ಸಲ ಹೇಳಿದೆನೋ, ಲೆಕ್ಕ ತಪ್ಪಿತು. ಒಳಗಿಂದ ಒಂದು ಒದೆತ. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಒದ್ದೆ ಮುದ್ದೆಯಂಥ ಜೀವವೊಂದು ನನ್ನ ಕೈಯಲ್ಲಿ ಹೊರಳಿ ಚಿಂವ್ ಎಂದಿತು. ಆಸ್ಪತ್ರೆಯಿಂದ ಬಂದ ಮೇಲೆ ಅಂದೇ ನಾನು ಬಾಯಿ ಬಿಟ್ಟು ಅತ್ತದ್ದು.

"ಎರಿಗೆ ಸಲೀಸಾಯ್ತು. ಇನ್ನೆಲ್ಡ್ ದಿನ ಇರು ಅಂದ್ರು. ಯಾಕೋ ಕಾಲು ನಿಲ್ನಿಲ್ಲ," ಎಂದಳು ಮುನಿಯಮ್ಮ. "ನಿಮ್ಮಮ್ಮನೋ ನಮ್ಮೂರಮ್ಮನೋ, ಯಾರೋ ಬಸ್ ಅತ್ಸಿದ್ರು ಬಿಡು."

ನನ್ನ ಈ ಸಾಕ್ಷ್ಯ ಓದುತ್ತಿರುವ ಪ್ರಿಯ ಭಕ್ತರೇ, ನನಗೆ ಮತ್ತೆ ಮಕ್ಕಳಾಗಲಿಲ್ಲ. ಹಾಗಿದ್ದರೆ ಪ್ರಾರ್ಥನೆ ಎಲ್ಲಿ ಫಲಿಸಿತು ಎಂದು ಕೆಲವರು ಕೇಳಿದ್ದಾರೆ. ನಾನು ಕೇಳಿದ್ದು ಒಂದೇ, ಆ ತಾಯಿ ಅದನ್ನು ಕೊಟ್ಟಳು. ಮೂರು ತಿಂಗಳಿಗೆ ಮುನಿಯಮ್ಮನ ಮಗಳು ಕೂಸಿನೊಂದಿಗೆ ತವರಿಗೆ ಬಂದಾಗ, ನಾನಾಗಿಯೇ ಬೇಲಿ ದಾಟಿ ಹೋಗಿ ತೋಳು ಚಾಚಿದೆ. ಆ ಕೂಸಿಗೆ ಹೊದಿಸಲು ಮನೆಯಲ್ಲೊಂದು ಉಣ್ಣೆ ಶಾಲಿತ್ತು.