ತೇರಗಾಂವದವಳು ಓಟು ಹಾಕಿದ್ದು

ಮುಂಡಗೋಡದ ಅಂಚಿನ ಒಂದು ಬಾಡಿಗೆ ಮನೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಬುದ್ಧಿ ಬೆಳವಣಿಗೆ ನಿಧಾನವಾದ, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದ ಆರು ಮಂದಿ ದೊಡ್ಡವರು ಅಲ್ಲಿದ್ದಾರೆ. ಮನೆ ನಡೆಸುವವರು ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಹೆಂಗಸು. ನಾವೆಲ್ಲ ಅವರಿಗೆ ಅಕ್ಕೋರು ಅನ್ನುತ್ತೇವೆ. ನನಗೆ ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ. ನಾನು ಹತ್ತಿರದ ಇಂದೂರು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ವಾಪಸು ಹೋಗುತ್ತೇನೆ. ಸ್ನಾನ, ಊಟ, ಗುಳಿಗೆ, ಜಗಳ ಬಿಡಿಸುವುದು, ಎಲ್ಲ ನನ್ನ ಪಾಲಿನದೇ.

ಆ ಆರು ಮಂದಿಯಲ್ಲಿ ಒಬ್ಬಳು ತೇರಗಾಂವದವಳು. ತಾಯಿ ತೀರಿಕೊಂಡ ಮೇಲೆ ತಮ್ಮ ಕರೆತಂದು ಬಿಟ್ಟ. ಆಗ ಅವಳಿಗೆ ನಲವತ್ತರ ಹತ್ತಿರ. ಮೊದಲ ದಿನ ತಾಟು ಬಡಿಸಿ ಇಟ್ಟರೆ ತಾಟನ್ನೇ ನೋಡುತ್ತ ಕುಳಿತಳು. ಸೇರಲಿಲ್ಲವೇನೋ ಎಂದು ನಾನು ಬೇರೆ ಪಲ್ಯ ತಂದೆ. ಅದನ್ನೂ ಮುಟ್ಟಲಿಲ್ಲ. ಕೊನೆಗೆ ಅಕ್ಕೋರು ಬಂದು, ಉಣ್ಣವ್ವಾ, ಎಂದ ಮೇಲೆ ಗಬಗಬ ಉಂಡಳು. ಹಸಿವಾದರೂ ಯಾರಾದರೂ ಹೇಳಬೇಕು, ನೀರಡಿಸಿದರೂ ಯಾರಾದರೂ ಹೇಳಬೇಕು. ತಾಯಿ ಅಷ್ಟು ಜೀವ ಇಟ್ಟು ಸಾಕಿದ್ದಳು. ಮಗಳು ಬಾಯಿ ತೆರೆಯುವ ಮೊದಲೇ ಎಲ್ಲ ಮಾಡಿ ಮುಗಿಸುತ್ತಿದ್ದಳಂತೆ.

ಅಕ್ಕೋರದು ಒಂದು ಪದ್ಧತಿ. ಅಲ್ಲಿರುವವರನ್ನು ಕೇಳದೆ ಅವರಿಗಾಗಿ ಏನೂ ಮಾಡುವಂತಿಲ್ಲ, ಕೇಳಿದ ಮೇಲೆ ಉತ್ತರ ಬರುವವರೆಗೂ ಕಾಯಬೇಕು. ದಿನಾ ಬೆಳಿಗ್ಗೆ ನಾನು ಎರಡು ಸೀರೆ ಹಿಡಿದು ಅವಳ ಮುಂದೆ ನಿಲ್ಲುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಿದ್ದಳು, ನನಗೆ ಯಾವುದು ಬೇಕಾಗಿದೆ ಎಂದು ಹುಡುಕುವವಳ ಹಾಗೆ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ನಾನು ನಿಂತೇ ಇರುತ್ತಿದ್ದೆ. ಮಳೆಗಾಲ ಹಾಗೇ ಕಳೆಯಿತು. ದೀಪಾವಳಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಎರಡನ್ನೂ ಪಕ್ಕಕ್ಕೆ ತಳ್ಳಿ, ಹಗ್ಗದ ಮೇಲೆ ಒಣಗುತ್ತಿದ್ದ ಹಸಿರು ಸೀರೆ ತೋರಿಸಿದಳು. ಅದು ಇನ್ನೂ ಹಸಿಯಾಗಿತ್ತು. ಹಾಗೆಂದರೂ ಕೇಳಲಿಲ್ಲ. ಒಣಗುವವರೆಗೂ ಹಗ್ಗದ ಕೆಳಗೇ ಕೂತಳು. ನಾನು ಮತ್ತು ಅಡುಗೆಯವಳು ಕಣ್ಣೊರೆಸಿಕೊಂಡು ನಕ್ಕೆವು.

ಮರುವರ್ಷ ಮತದಾರರ ಯಾದಿಗೆ ಹೆಸರು ಸೇರಿಸುವವರು ಮನೆಗೆ ಬಂದರು. ಅಂಗನವಾಡಿಯ ಟೀಚರು, ನಾವು ಬಾಯಿ ಎಂದು ಕರೆಯುವವಳು, ಆ ಕೆಲಸಕ್ಕಿದ್ದಳು. ಅಕ್ಕೋರ ಹೆಸರು ಇದೆಯೋ ಇಲ್ಲವೋ ನೋಡಿ ಹೊರಡುತ್ತಿದ್ದವಳ ಎದುರಿಗೆ ಕಸಬರಿಗೆ ಹಿಡಿದುಕೊಂಡೇ ಇವಳು ಬಂದು ನಿಂತಳು.

“ನಂದೂ ಬರೀರಿ,” ಅಂದಳು.

ಇಂಥವರ ಹೆಸರು ಬರೆಯಲು ಕಾನೂನಿನಲ್ಲಿ ಬರುತ್ತದೆಯೋ ಇಲ್ಲವೋ ಕೇಳಿಕೊಂಡು ಬರುತ್ತೇನೆ ಎಂದು ಅಂಗನವಾಡಿಯ ಬಾಯಿ ಹೋದಳು. ಅಕ್ಕೋರು ತೇರಗಾಂವಕ್ಕೆ ಫೋನು ಹಚ್ಚಿದರು. ತಮ್ಮ ಕೆಟ್ಟವನಲ್ಲ, ಪ್ರತಿ ಹಬ್ಬಕ್ಕೂ ಬಂದು ಹೋಗುತ್ತಾನೆ. ಆದರೆ ಇದನ್ನು ಕೇಳಿ ಅವನಿಗೆ ಗಾಬರಿಯಾಯಿತು. “ಆಕಿ ಸಣ್ಣ ಹುಡುಗಿ ಇದ್ದಂಗ ಅದಾಳ್ರಿ. ಆಕಿಗ್ಯಾಕ ಓಟು?” ಅಂದ.

“ಸಣ್ಣ ಹುಡುಗಿ ತಲ್ಯಾಗ ಬಿಳಿಕೂದಲ ಇರೂದಿಲ್ಲಪಾ,” ಅಂದರು ಅಕ್ಕೋರು.

ಅವನು, ನೀವು ಹೇಳಿದಂತೆ ಆಗಲಿ, ಎಂದ. ನಾನು ಹೇಳಿದಂತಲ್ಲ, ಅವಳು ಹೇಳಿದಂತೆ, ಎಂದು ಅಕ್ಕೋರು ತಿದ್ದಿದರು. ಬುದ್ಧಿ ಸ್ಥಿಮಿತವಿಲ್ಲವೆಂದು ಕೋರ್ಟು ಹೇಳದ ಹೊರತು ಇಂಥವರ ಓಟನ್ನು ತಡೆಯಲು ಬರುವುದಿಲ್ಲವೆಂದು ಅಂಗನವಾಡಿಯ ಬಾಯಿ ವಿಚಾರಿಸಿಕೊಂಡು ಬಂದಳು. ಹೆಸರು ಸೇರಿತು, ಫೋಟೋ ಇರುವ ಕಾರ್ಡೂ ಬಂತು. ಅದನ್ನು ಅವಳು ದಿಂಬಿನ ಕೆಳಗಿಟ್ಟುಕೊಂಡಳು.

ಓಟು ಅಂದರೇನೆಂದು ತಿಳಿಸುವುದು ಹೇಗೆ? ಪಕ್ಷಗಳ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದು ಅಕ್ಕೋರು ಮೊದಲೇ ಹೇಳಿದ್ದರು. ಅದಕ್ಕೆ ನಾನು ರಟ್ಟಿನ ಮೇಲೆ ಮೀನು, ತತ್ತಿ, ಬದನೆಕಾಯಿಯ ಚಿತ್ರ ಬರೆದು, ಪಕ್ಕಕ್ಕೆ ಅಂಗಿಯ ಗುಂಡಿ ಹೊಲಿದೆ. ಹಗ್ಗಕ್ಕೆ ಚಾದರ ಕಟ್ಟಿ ಮರೆ ಮಾಡಿದೆವು. ಒಬ್ಬೊಬ್ಬರೇ ಒಳಗೆ ಹೋಗಿ ತಮಗೆ ಬೇಕಾದುದರ ಮುಂದೆ ಒಂದು ಕಡಲೆಕಾಳು ಇಟ್ಟು ಗುಂಡಿ ಒತ್ತಿ ಬರಬೇಕು. ಗೆದ್ದದ್ದು ರವಿವಾರದ ಅಡುಗೆ. ಜೋಯಿಡಾ ಕಡೆಯ ಒಬ್ಬ ಕಾಕಾ ಮೊದಲ ವಾರ ಕಾಳನ್ನು ಬಾಯಿಗೆ ಹಾಕಿಕೊಂಡು ಬಂದ. ತೇರಗಾಂವದವಳದು ಯಾವಾಗಲೂ ಮೀನು. ಒಂದು ರವಿವಾರ ಬದನೆಕಾಯಿ ಗೆದ್ದಿತು. ಅವಳು ಸಿಟ್ಟಿನಿಂದ ತಾಟು ಸರಿಸಿದಳು. ನಾವು ಒತ್ತಾಯ ಮಾಡಲಿಲ್ಲ, ಮೀನನ್ನೂ ತರಲಿಲ್ಲ. ಎಲ್ಲರೂ ಎಣ್ಣೆಗಾಯಿ ಜೊತೆ ರೊಟ್ಟಿ ಮುರಿಯುವುದನ್ನು ನೋಡಿ, ಬಂದು ಕೂತು ಉಂಡಳು. “ಮುಂದಿನ ವಾರ ಮೀನ,” ಅಂದಳು. ಚುನಾವಣೆಯ ಬಗ್ಗೆ ಅದಕ್ಕಿಂತ ಹೆಚ್ಚಿನದನ್ನು ನಾನೂ ತಿಳಿದಿಲ್ಲ.

ಓಟಿನ ದಿನ ಬಿಸಿಲು ಜೋರಾಗಿತ್ತು. ಹಸಿರು ಸೀರೆ ಉಟ್ಟು, ಹೂ ಮುಡಿದು ಹೊರಟಳು. ಶಾಲೆಯ ಹತ್ತಿರ ಪೊಲೀಸಿನವನು ನಮ್ಮನ್ನು ನೋಡಿ, ಅವರನ್ನು ಸೀದಾ ಮುಂದೆ ಕರೆದುಕೊಂಡು ಹೋಗಿ ಎಂದ. ಅವಳು ತಲೆ ಅಲ್ಲಾಡಿಸಿ ಹೆಂಗಸರ ಸಾಲಿನ ಕೊನೆಗೆ ಹೋಗಿ ನಿಂತಳು. ನಾನೂ ಬೆವರುತ್ತ ಹಿಂದೆ ನಿಂತೆ.

ಒಳಗೆ ಬೆಂಚಿನ ಮೇಲೆ ಪಕ್ಷಗಳ ಏಜೆಂಟರು ಕುಳಿತಿದ್ದರು. ಅವಳ ಹೆಸರು ಕೂಗಿದಾಗ ಒಬ್ಬ ಎದ್ದು ತಕರಾರು ತೆಗೆದ. ಇವರಿಗೆ ಏನು ತಿಳಿಯುತ್ತದೆ, ಕರೆತಂದವರು ಹೇಳಿದ್ದಕ್ಕೇ ಒತ್ತುತ್ತಾರೆ, ಎಂಬುದು ಅವನ ವಾದ. ಮತಗಟ್ಟೆಯ ಅಧಿಕಾರಿ ಕಾರ್ಡನ್ನೂ ಅವಳ ಮುಖವನ್ನೂ ನೋಡಿ, ಸರಿಯಾಗಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಬೇಕಾದರೆ ನೀವು ಜೊತೆಗೆ ಹೋಗಬಹುದು ಎಂದರು.

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಅಂಗೈ ಅಡ್ಡ ಹಿಡಿದಳು.

“ಮೌಶಿ, ನೀ ಇಲ್ಲೇ ನಿಂದ್ರು.”

ಬೆರಳಿಗೆ ಶಾಯಿ ಹಚ್ಚಿಸಿಕೊಂಡು ರಟ್ಟಿನ ಮರೆಯ ಹಿಂದೆ ಹೋದಳು. ಸದ್ದಿಲ್ಲ. ಸಾಲಿನಲ್ಲಿದ್ದವರು ಇಣುಕಿದರು. ತಕರಾರು ತೆಗೆದವನು ಪಕ್ಕದವನಿಗೆ ಏನೋ ಪಿಸುಗುಟ್ಟಿದ. ಅಧಿಕಾರಿ ಗಡಿಯಾರ ನೋಡಿ ಮತ್ತೆ ಯಾದಿಗೆ ತಲೆ ಬಗ್ಗಿಸಿದರು. ಅವಳು ಯೋಚಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಯಂತ್ರ ಉದ್ದಕ್ಕೆ ಕೂಗಿತು. ಸಾಲಿನಲ್ಲಿದ್ದ ಒಬ್ಬ ಮುದುಕಿ, ಆತು ನೋಡು, ಎಂದು ದೊಡ್ಡದಾಗಿ ನಿಟ್ಟುಸಿರು ಬಿಟ್ಟಳು.

ಅವಳು ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು. ಅಂಗಳದಲ್ಲಿ ಆ ಏಜೆಂಟನೂ ಹಿಂದೆಯೇ ಬಂದು, ಈಗ ನಗುತ್ತ, ಯಾರಿಗೆ ಹಾಕಿದೆಯವ್ವಾ, ಎಂದು ಕೇಳಿದ.

“ಹೇಳೂದಿಲ್ಲ,” ಅಂದಳು.

ನನಗೂ ಹೇಳಲಿಲ್ಲ, ಅಕ್ಕೋರಿಗೂ ಹೇಳಲಿಲ್ಲ. ಸಂಜೆ ತಮ್ಮ ಫೋನು ಮಾಡಿ ಕೇಳಿದರೆ ಅವನಿಗೂ ಅದೇ ಉತ್ತರ. ಅವನು ಆ ಕಡೆಯಿಂದ ಬಹಳ ಹೊತ್ತು ನಕ್ಕ. ಆಮೇಲೆ, ಅಕ್ಕಾ, ನಾ ಯಾರಿಗೆ ಹಾಕೀನಿ ಅನ್ನೂದನ್ನ ನಾನೂ ಹೇಳೂದಿಲ್ಲ ಬಿಡು, ಅಂದನಂತೆ.

ಮುಂದಿನ ಚುನಾವಣೆಗೆ ನಮ್ಮ ಮನೆಯಿಂದ ಇನ್ನಿಬ್ಬರು ಹೆಸರು ಬರೆಸಿದರು. ಅವರಲ್ಲಿ ಜೋಯಿಡಾದ ಕಾಕಾನೂ ಒಬ್ಬ. ಸಾಲಿನಲ್ಲಿ ಹೇಗೆ ನಿಲ್ಲಬೇಕು, ಯಾವ ಬೆರಳು ಚಾಚಬೇಕು ಎಂದು ಅವನಿಗೆ ಕಲಿಸಿದವಳು ಅವಳೇ. ನಾನು ಬಾಗಿಲಲ್ಲಿ ನಿಂತು ನೋಡಿದೆ, ಅಷ್ಟೇ.